ಮಣ್ಣು ಮಾಡುವವರ ಮಹಾನಾಡು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಆಡುಮಾತಿನಲ್ಲಿ ಶವಸಂಸ್ಕಾರಕ್ಕೆ ‘ಮಣ್ಣು’ ಎಂಬ ಒಂದೇ ಪದ ಸಾಕು. “ಮಣ್ಣಿಗೆ ಹೋಗಬೇಕು” ಎಂದರೆ ಎಲ್ಲವೂ ತಿಳಿಯುತ್ತದೆ. ಹೊಲದ ಕೆಲಸ, ಅಂಗಡಿಯ ವ್ಯವಹಾರ, ಹಳೆಯ ಜಗಳ ಎಲ್ಲವನ್ನೂ ಅಂದಿನ ಮಟ್ಟಿಗೆ ಬದಿಗಿಟ್ಟು ಜನ ಸೇರುತ್ತಾರೆ. ಹಿಡಿ ಮಣ್ಣು ಹಾಕಿ, ಕೈಕಾಲು ತೊಳೆದುಕೊಂಡು ಮನೆಗೆ ಮರಳುತ್ತಾರೆ. ಆದರೆ ಆ ಕುಣಿಯನ್ನು ತೋಡಿದವನು ಯಾರು, ಪೆಟ್ಟಿಗೆ ಮಾಡಿದವನು ಯಾರು, ಸಾವಿನ ಸುದ್ದಿಯನ್ನು ಊರಿಂದೂರಿಗೆ ಮುಟ್ಟಿಸಿದವನು ಯಾರು ಎಂದು ಕೇಳುವವರು ಕಡಿಮೆ. ಜನ ಚದುರುವ ಹೊತ್ತಿಗೆ ಆತ ದೂರದ ಮರದ ಕೆಳಗೆ ಗುದ್ದಲಿ ಹಿಡಿದು, ಕುಣಿ ಮುಚ್ಚುವ ಸರದಿಗಾಗಿ ಕಾಯುತ್ತಿರುತ್ತಾನೆ.

ವೈದ್ಯರಿಗೆ ಸಮ್ಮೇಳನಗಳಿವೆ, ಶಿಕ್ಷಕರಿಗೆ ಅಧಿವೇಶನಗಳಿವೆ, ಸಾಹಿತಿಗಳಿಗೆ ಪ್ರತಿವರ್ಷ ಸಂಭ್ರಮವಿದೆ. ಸತ್ತವರ ಸೇವೆಯನ್ನು ವೃತ್ತಿಯಾಗಿ ಮಾಡುವವರು ಒಂದೆಡೆ ಸೇರಿ ತಮ್ಮ ಕೆಲಸದ ಕುರಿತು ಮಾತನಾಡುವುದರಿಂದ ಏನು ಪ್ರಯೋಜನ? ಪ್ರಶ್ನೆ ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ಚರಿತ್ರೆಯನ್ನು ತಿರುವಿ ನೋಡಿದರೆ, ಈ ಜನ ಒಂಟಿಯಾಗಿದ್ದಾಗ ಅವರ ಕೆಲಸ ಕಳಂಕವಾಗಿಯೂ, ಒಂದಾದಾಗ ಅದು ಸೇವೆಯಾಗಿಯೂ ಕಂಡಿರುವುದು ಗೋಚರಿಸುತ್ತದೆ. ಆ ಚರಿತ್ರೆಯನ್ನು ನಮ್ಮ ನೆಲದಿಂದಲೇ ಆರಂಭಿಸೋಣ.

ಮೇಗುತಿ ಗುಡ್ಡದ ಸಾಕ್ಷಿ

ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋದವರು ಮೇಗುತಿ ಗುಡ್ಡವನ್ನು ಹತ್ತದೆ ಬರುವುದಿಲ್ಲ. ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಸಾರುವ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಅಲ್ಲಿಯ ಜಿನಾಲಯದ ಗೋಡೆಯ ಮೇಲಿದೆ. ಆದರೆ ಅದೇ ಗುಡ್ಡದ ಮೇಲೆ, ದೇವಾಲಯಕ್ಕಿಂತ ಎಷ್ಟೋ ಶತಮಾನ ಹಳೆಯದಾದ ಬೃಹತ್ ಶಿಲಾ ಸಮಾಧಿಗಳೂ ಇವೆ. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ ಕಟ್ಟಿದ ಕಲ್ಲುಮನೆಗಳು ಅವು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂಥವು ನೂರಾರು ಇವೆ.

ಈ ಕಲ್ಲುಗಳನ್ನು ಕಟ್ಟಿದವರ ಹೆಸರಾಗಲಿ ಭಾಷೆಯಾಗಲಿ ನಮಗೆ ಉಳಿದಿಲ್ಲ. ಒಂದು ಸಂಗತಿ ಮಾತ್ರ ಕಲ್ಲಿನಷ್ಟೇ ಸ್ಪಷ್ಟವಾಗಿದೆ. ಅಂಥ ಚಪ್ಪಡಿಯನ್ನು ಒಬ್ಬನೇ ಎತ್ತಲಾರ. ಬಂಡೆಯನ್ನು ಸೀಳುವುದು ತಿಳಿದವನು, ಹಗ್ಗ ಕಟ್ಟುವವನು, ಸನ್ನೆಗೋಲು ಹಾಕುವವನು, ಹತ್ತಾರು ಹೆಗಲುಗಳು ಎಲ್ಲರೂ ಒಟ್ಟಿಗೆ ಬೇಕು. ಒಬ್ಬನ ಸಾವಿಗಾಗಿ ಒಂದು ಊರೇ ನೆರೆಯುತ್ತಿತ್ತು, ಕೆಲಸ ಬಲ್ಲವರು ಬಾರದವರಿಗೆ ಕಲಿಸುತ್ತಿದ್ದರು. ಶವಸಂಸ್ಕಾರದ ವಿದ್ಯೆ ಮೊದಲಿನಿಂದಲೂ ಕೂಡಿ ಕಲಿತ ವಿದ್ಯೆ.

ಐನೂರ್ವರು ನೆರೆದ ನಾಡು

ವೃತ್ತಿಯವರು ಒಂದೆಡೆ ಸೇರುವುದು ಇತ್ತೀಚೆಗೆ ಬಂದ ಹವ್ಯಾಸವೆಂದು ಭಾವಿಸುವವರು ಇದೇ ಐಹೊಳೆಯನ್ನು ಮತ್ತೊಮ್ಮೆ ನೋಡಬೇಕು. ‘ಅಯ್ಯಾವೊಳೆ ಐನೂರ್ವರು’ ಎಂಬ ಪ್ರಸಿದ್ಧ ವರ್ತಕ ಸಂಘಕ್ಕೆ ಹೆಸರು ಕೊಟ್ಟದ್ದು ಈ ಊರು. ಎತ್ತು ಕತ್ತೆಗಳ ಮೇಲೆ ಸರಕು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆದ ಈ ಸಂಘದ ಹೆಜ್ಜೆಗುರುತು ಕಡಲಾಚೆಗೂ ಇದೆ. ಸುಮಾತ್ರಾ ದ್ವೀಪದ ಲೋಬು ತುವಾ ಎಂಬಲ್ಲಿ ದೊರೆತಿರುವ ಕ್ರಿ.ಶ. 1088ರ ತಮಿಳು ಶಾಸನ ಐನೂರ್ವರದೇ. ಬೇರೆ ಬೇರೆ ಊರು, ಭಾಷೆ, ಮತಗಳ ವರ್ತಕರು ಮಹಾನಾಡಾಗಿ ನೆರೆದು, ಯಾವ ಸರಕಿನ ಮೇಲೆ ಧರ್ಮಕಾರ್ಯಕ್ಕೆ ಎಷ್ಟು ಎತ್ತಿಡಬೇಕೆಂದು ನಿರ್ಣಯಿಸಿ ಅದನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ‘ವೀರಬಣಂಜು ಧರ್ಮ’ವೆಂಬ ನಡತೆಯ ನಿಯಮವೇ ಅವರಿಗಿತ್ತು.

ಶಿಲ್ಪಿಗಳಿಗೂ ಇಂಥ ಒಗ್ಗಟ್ಟಿನ ಗೌರವವಿತ್ತು. ಬಾದಾಮಿಗೆ ಸಮೀಪದ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ದೇವಾಲಯದ ಶಾಸನದಲ್ಲಿ ಸೂತ್ರಧಾರಿ ಗುಂಡನ ಹೆಸರು ಬಿರುದು ಸಹಿತ ಉಳಿದಿದೆ. ಈ ನಾಡಿನ ಕುಶಲಕರ್ಮಿಗಳಿಗೆ ವಿಧಿಸಿದ್ದ ಬಹಿಷ್ಕಾರವನ್ನು ನಿವಾರಿಸಿದ ಪ್ರಸ್ತಾಪವೂ ಅದರಲ್ಲಿದೆಯೆಂದು ವಿದ್ವಾಂಸರು ಓದಿದ್ದಾರೆ. ಸಂಘವಾಗಿದ್ದವರ ದುಃಖ ಅರಮನೆಗೂ ಮುಟ್ಟುತ್ತಿತ್ತು.

ಸತ್ತವರನ್ನು ನೆನೆಯುವುದರಲ್ಲಿಯೂ ನಮ್ಮ ಹಿಂದಿನವರು ಹಿಂದೆ ಬಿದ್ದವರಲ್ಲ. ತುರುಗಳನ್ನು ಬಿಡಿಸಲು, ಊರನ್ನು ಕಾಯಲು ಹೋಗಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿ, ಆತನ ಕುಟುಂಬಕ್ಕೆ ‘ನೆತ್ತರುಕೊಡಗೆ’ಯೆಂದು ಭೂಮಿ ಬಿಡುತ್ತಿದ್ದರು. ವರ್ತಕನಿಗೆ ಮಹಾನಾಡು, ಶಿಲ್ಪಿಗೆ ಬಿರುದು, ವೀರನಿಗೆ ಕಲ್ಲು ದೊರೆತ ಈ ನೆಲದಲ್ಲಿ ಕುಣಿ ತೋಡಿದವನಿಗೆ ಏನು ದೊರೆಯಿತು? ಹಳ್ಳಿಯ ವ್ಯವಸ್ಥೆಯಲ್ಲಿ ಹಲಗೆ ಬಾರಿಸುವುದು, ಸಾವಿನ ಸುದ್ದಿ ಒಯ್ಯುವುದು, ಕುಣಿ ತೋಡುವುದು ದಲಿತ ಕುಟುಂಬಗಳ ಪಾಲಿಗೆ ಬಿಟ್ಟಿ ದುಡಿಮೆಯಾಗಿ ಬಂದಿತು. ಲಿಂಗಾಯತರು, ಮುಸಲ್ಮಾನರು, ಕ್ರೈಸ್ತರು, ಅನೇಕ ಹಿಂದುಳಿದ ಸಮುದಾಯಗಳವರು ಹೂಳುವ ಸಂಪ್ರದಾಯದವರೇ ಆದ್ದರಿಂದ ಈ ಸೀಮೆಯಲ್ಲಿ ಕುಣಿಯಿಲ್ಲದೆ ಯಾರಿಗೂ ನಡೆಯದು. ಎಲ್ಲರಿಗೂ ಬೇಕಾದ ಕೆಲಸ ಮಾಡಿದವನು ಯಾರ ಸಭೆಗೂ ಬೇಕಾಗಲಿಲ್ಲ.

ರೋಮಿನ ಸಂಘ, ಸಭೆಯ ಸೇವಕರು

ಇಂಥದೇ ಪ್ರಶ್ನೆಗೆ ದೂರದ ರೋಮ್ ಸಾಮ್ರಾಜ್ಯದ ಬಡವರು ಕಂಡುಕೊಂಡ ಉತ್ತರ ಗಮನಾರ್ಹವಾಗಿದೆ. ರೋಮ್ ನಗರಕ್ಕೆ ದಕ್ಷಿಣದಲ್ಲಿರುವ ಲನುವಿಯಂ ಎಂಬ ಊರಿನ ಒಂದು ಸಂಘದ ನಿಯಮಾವಳಿ ಕ್ರಿ.ಶ. 136ರ ಶಾಸನದಲ್ಲಿ ಉಳಿದುಬಂದಿದೆ. ಗುಲಾಮರೂ ಸದಸ್ಯರಾಗಿದ್ದ ಆ ಸಂಘಕ್ಕೆ ಸೇರಲು 100 ಸೆಸ್ಟರ್ಸ್ ನಾಣ್ಯ ಮತ್ತು ಒಂದು ಹರವಿ ಒಳ್ಳೆಯ ದ್ರಾಕ್ಷಾರಸ ಕೊಡಬೇಕಿತ್ತು, ಆಮೇಲೆ ಪ್ರತಿ ತಿಂಗಳೂ ಸಣ್ಣ ವಂತಿಗೆ. ಸದಸ್ಯ ಸತ್ತರೆ ಸಂಸ್ಕಾರಕ್ಕೆ 300 ನಾಣ್ಯ ದೊರೆಯುತ್ತಿತ್ತು, ಅದರಲ್ಲಿ 50 ಅಂತ್ಯಯಾತ್ರೆಗೆ ಬಂದವರಿಗೆ ಹಂಚಿಕೆಯಾಗುತ್ತಿತ್ತು. ದೂರುಗಳೇನಿದ್ದರೂ ಸಭೆಯಲ್ಲಿಯೇ ಹೇಳಬೇಕು, ಹಬ್ಬದ ಊಟದ ದಿನ ನೆಮ್ಮದಿಯಿಂದ ಉಣ್ಣೋಣ ಎಂಬ ನಿಯಮವೂ ಅದರಲ್ಲಿದೆ! ಸಾವಿನ ಚಿಂತೆಗಾಗಿ ಸೇರಿದವರು ಬದುಕಿನ ಗೆಳೆಯರಾಗಿ ಏಳುತ್ತಿದ್ದರು.

ಆದಿ ಕ್ರೈಸ್ತಸಭೆ ಇದೇ ಲೋಕದಲ್ಲಿ ಬೆಳೆಯಿತು. ಅರಸನ ಕೋಪಕ್ಕೂ ಅಂಜದೆ ಸತ್ತವರನ್ನು ಹೂಳಿದ ತೊಬೀತನ ಕಥೆಯನ್ನೂ, ತನ್ನ ಹೊಸ ಸಮಾಧಿಯನ್ನೇ ಬಿಟ್ಟುಕೊಟ್ಟ ಅರಿಮಥಾಯದ ಜೋಸೆಫನ ಕಥೆಯನ್ನೂ ಅದು ಕೇಳಿ ಬೆಳೆದಿತ್ತು. ಕ್ರಿ.ಶ. 303ರಲ್ಲಿ ಇಂದಿನ ಅಲ್ಜೀರಿಯಾದ ಸಿರ್ತಾ ನಗರದಲ್ಲಿ ಅಧಿಕಾರಿಗಳು ದೇವಾಲಯವನ್ನು ಶೋಧಿಸಿದಾಗ ಬರೆದುಕೊಂಡ ದಾಖಲೆಯಲ್ಲಿ ಧರ್ಮಾಧ್ಯಕ್ಷರು, ಗುರುಗಳು, ಸೇವಕರ ಜೊತೆಗೇ ಸಮಾಧಿ ಅಗೆಯುವವರ ಉಲ್ಲೇಖವೂ ಇದೆ. ಗುದ್ದಲಿ ಹಿಡಿದವನು ಸಭೆಯ ಪರಿವಾರದಲ್ಲಿ ಒಬ್ಬನೆನಿಸಿದ್ದನು. ಕ್ರೈಸ್ತರ ವೈರಿಯಾಗಿದ್ದ ಜೂಲಿಯನ್ ಚಕ್ರವರ್ತಿಯು 362ರಲ್ಲಿ ಗಲಾತ್ಯದ ಪ್ರಧಾನ ಅರ್ಚಕನಿಗೆ ಬರೆದ ಪತ್ರದಲ್ಲಿ, ಈ ಮತ ಹರಡಲು ಅಪರಿಚಿತರಿಗೆ ತೋರುವ ಆತಿಥ್ಯವೂ ಸತ್ತವರ ಸಮಾಧಿಯ ಬಗೆಗಿನ ಕಾಳಜಿಯೂ ಕಾರಣವೆಂದು ಒಪ್ಪಿಕೊಂಡಿದ್ದಾನೆ. ಮುಂದೆ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ 1,100 ಅಂಗಡಿಗಳನ್ನು ತೆರಿಗೆಯಿಂದ ಮುಕ್ತಗೊಳಿಸಿ, ಅವುಗಳ ಆದಾಯ ಮತ್ತು ಆಳುಗಳಿಂದ ಬಡವರ ಅಂತ್ಯಕ್ರಿಯೆ ಉಚಿತವಾಗಿ ನಡೆಯುವಂತೆ ಮಾಡಿದ್ದನ್ನು 6ನೇ ಶತಮಾನದ ಜಸ್ಟಿನಿಯನ್ ಚಕ್ರವರ್ತಿಯ ಕಾನೂನುಗಳು ತಿಳಿಸುತ್ತವೆ. 1244ರಲ್ಲಿ ಆರಂಭವಾಯಿತೆಂದು ಹೇಳಲಾಗುವ ಫ್ಲಾರೆನ್ಸ್ ನಗರದ ಮಿಸೆರಿಕೋರ್ದಿಯಾ ಸಹೋದರಸಂಘವು ರೋಗಿಗಳನ್ನೂ ಶವಗಳನ್ನೂ ಹೊತ್ತು, ಇಂದಿಗೂ ಸೇವೆಯಲ್ಲಿದೆ. ಅದೇ ಹೆಸರಿನ ಪೋರ್ಚುಗೀಸ್ ಸಂಸ್ಥೆ 16ನೇ ಶತಮಾನದಲ್ಲಿಯೇ ನೆರೆಯ ಗೋವೆಗೂ ಬಂದಿತು.

ಈ ಎಲ್ಲದರ ಹಿಂದಿನ ಗುಟ್ಟು ಒಂದೇ. ಶವದ ಕೆಲಸವನ್ನು ಒಬ್ಬ ನಿರ್ಗತಿಕನ ತಲೆಗೆ ಕಟ್ಟಲಿಲ್ಲ, ಸಂಘದ ಹೆಗಲಿಗೆ ಹೊರಿಸಿದರು.

ರೋಚೆಸ್ಟರ್ ಸಮ್ಮೇಳನದ ನಂತರ

ಆಧುನಿಕ ಕಾಲದಲ್ಲಿ ಈ ಕೆಲಸ ವ್ಯಾಪಾರವಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಮಡಿದ ಸೈನಿಕರ ದೇಹಗಳನ್ನು ದೂರದ ಊರುಗಳಿಗೆ ಕೊಂಡೊಯ್ಯಬೇಕಾಗಿ ಬಂದು, ಶವವನ್ನು ಕೆಡದಂತೆ ಇರಿಸುವ ವಿದ್ಯೆ ಬೆಳೆಯಿತು. 1865ರಲ್ಲಿ ಅಧ್ಯಕ್ಷ ಲಿಂಕನ್ನರ ಪಾರ್ಥಿವ ಶರೀರ ರೈಲಿನಲ್ಲಿ ಊರೂರು ಸಂಚರಿಸಿದಾಗ ಜನ ಆ ವಿದ್ಯೆಯನ್ನು ಕಣ್ಣಾರೆ ಕಂಡರು. ಅಲ್ಲಿಯವರೆಗೆ ಪೆಟ್ಟಿಗೆ ಮಾಡುತ್ತಿದ್ದವನು ಬಡಗಿ, ಬಂಡಿ ಕೊಡುತ್ತಿದ್ದವನು ಕುದುರೆ ಲಾಯದವನು. ಇವರು ಒಂದು ವೃತ್ತಿಯವರೆಂದು ತಮ್ಮನ್ನು ತಾವು ಗುರುತಿಸಿಕೊಂಡದ್ದು ಸಮ್ಮೇಳನಗಳಿಂದ. 1880ರಲ್ಲಿ ಮಿಶಿಗನ್ ಪ್ರಾಂತ್ಯದವರು ಸೇರಿದರು. 1882ರಲ್ಲಿ ರೋಚೆಸ್ಟರ್ ನಗರದಲ್ಲಿ ಅಂತ್ಯಕ್ರಿಯೆ ನಿರ್ವಾಹಕರ ರಾಷ್ಟ್ರೀಯ ಸಂಘ ಹುಟ್ಟಿತು. ಬ್ರಿಟನ್ನಿನಲ್ಲಿ 1905ರಲ್ಲಿ ಆರಂಭವಾದ ಸಂಘ 1935ರಲ್ಲಿ ತನ್ನ ಹೆಸರಿನಲ್ಲಿಯೇ ‘ಅಂತ್ಯಕ್ರಿಯೆ ನಿರ್ವಾಹಕರು’ ಎಂಬ ಹೊಸ ಪದವನ್ನು ಅಳವಡಿಸಿಕೊಂಡಿತು.

ಇಂಥ ಸಮ್ಮೇಳನಕ್ಕೆ ಹೋದವನು ಏನನ್ನು ಪಡೆಯುತ್ತಾನೆ? ಸಾಂಕ್ರಾಮಿಕ ರೋಗದಿಂದ ಸತ್ತವರ ದೇಹವನ್ನು ಸುರಕ್ಷಿತವಾಗಿ ಮುಟ್ಟುವ ಕ್ರಮ, ದೂರದೇಶದಿಂದ ಶವ ತರಿಸಲು ಬೇಕಾದ ಕಾಗದಪತ್ರಗಳು, ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಆಡಬೇಕಾದ ಮಾತು, ಆಡಬಾರದ ಮಾತು ಇವೆಲ್ಲ ಪುಸ್ತಕಕ್ಕಿಂತ ಅನುಭವಿಗಳ ಬಾಯಿಂದ ಚೆನ್ನಾಗಿ ತಿಳಿಯುತ್ತವೆ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಪ್ರತಿದಿನ ಸಾವಿನ ಮನೆಗೆ ಹೋಗುವವನು ತನ್ನ ಮನಸ್ಸಿನ ಭಾರವನ್ನು ಯಾರೊಡನೆ ಹೇಳಿಕೊಂಡಾನು? ಮನೆಯವರು ಕೇಳಲಾರರು, ಸ್ನೇಹಿತರು ಮಾತು ತಿರುಗಿಸುತ್ತಾರೆ. ಅದೇ ಕೆಲಸದವನು ಮಾತ್ರ ಮುಖ ತಿರುಗಿಸದೆ ಕೇಳುತ್ತಾನೆ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ವ್ಯಾಪಾರಿಗಳಷ್ಟೇ ಸೇರಿದ ಕಡೆ ಲಾಭದ ಮಾತು ಹೆಚ್ಚುತ್ತದೆ. ದುಃಖದಲ್ಲಿರುವ ಕುಟುಂಬಗಳಿಗೆ ದುಬಾರಿ ಪೆಟ್ಟಿಗೆಗಳನ್ನೂ ಬೇಡದ ಸೇವೆಗಳನ್ನೂ ಮಾರಲಾಗುತ್ತಿದೆ ಎಂದು ಜೆಸಿಕಾ ಮಿಟ್‌ಫರ್ಡ್ 1963ರಲ್ಲಿ ಬರೆದ ಪುಸ್ತಕ ಅಮೆರಿಕವನ್ನು ಎಚ್ಚರಿಸಿತು. 1984ರಲ್ಲಿ ಜಾರಿಗೆ ಬಂದ ನಿಯಮದಂತೆ ಪ್ರತಿಯೊಂದು ವಸ್ತು, ಪ್ರತಿಯೊಂದು ಸೇವೆಯ ಬೆಲೆಯನ್ನು ಬಿಡಿಬಿಡಿಯಾಗಿ ತಿಳಿಸುವುದು ಅಲ್ಲಿ ಕಡ್ಡಾಯವಾಯಿತು. ಸಮ್ಮೇಳನದ ಬೆಲೆ ಅಲ್ಲಿಗೆ ಯಾರನ್ನು ಕರೆದಿದ್ದೇವೆ ಎಂಬುದರ ಮೇಲೆ ನಿಂತಿದೆ. ದುಃಖಿತರ ದನಿಯೂ ದುಡಿಯುವವರ ದನಿಯೂ ಕೇಳದ ಸಮ್ಮೇಳನ ಸಂತೆಯಾಗುತ್ತದೆ.

ಇಳಕಲ್ಲಿನ ಕೆಂಪು ಕಲ್ಲು

ಈ ಮಾತು ನಮ್ಮ ಜಿಲ್ಲೆಗೆ ದೂರದ್ದೆಂದು ತಿಳಿಯಬಾರದು. ಇಳಕಲ್ ಎಂದರೆ ನಮಗೆ ನೆನಪಾಗುವುದು ಸೀರೆ. ಕಲ್ಲಿನ ವ್ಯಾಪಾರಿಗಳಿಗೆ ನೆನಪಾಗುವುದು ಅಲ್ಲಿಯ ಕೆಂಪು, ಗುಲಾಬಿ ಬಣ್ಣದ ಗ್ರಾನೈಟ್. ಭಾರತದ ಗ್ರಾನೈಟ್ ಯುರೋಪು ಅಮೆರಿಕಗಳ ಕಟ್ಟಡಗಳಿಗೆ ಹೋಗುವಂತೆಯೇ ಅಲ್ಲಿಯ ಸಮಾಧಿಗಳ ಮೇಲಿನ ಸ್ಮಾರಕಶಿಲೆಗೂ ಹೋಗುತ್ತದೆ. ದೂರದ ಜರ್ಮನಿಯಲ್ಲಿ ಯಾರೋ ತಮ್ಮ ತಾಯಿಯ ಹೆಸರನ್ನು ಕೆತ್ತಿಸುವ ಕಲ್ಲು ನಮ್ಮ ದೇಶದ ಯಾವುದೋ ಕೂಲಿಕಾರನ ಬೆವರಿನಿಂದ ಹೊರಬಂದದ್ದಿರಬಹುದು.

ಆ ಬೆವರಿನ ಲೆಕ್ಕವನ್ನು ಕೇಳಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ಭಾರತ ಸಮಿತಿಯೊಂದು 2006ರಲ್ಲಿ ಕಲ್ಲುಗಣಿಯಿಂದ ಸ್ಮಶಾನದವರೆಗಿನ ದಾರಿಯನ್ನು ಕುರಿತ ವರದಿಯನ್ನು ಪ್ರಕಟಿಸಿತು. ಕರ್ನಾಟಕವನ್ನೂ ಒಳಗೊಂಡು ದಕ್ಷಿಣದ ರಾಜ್ಯಗಳ ಗ್ರಾನೈಟ್ ಗಣಿಗಳನ್ನು ಕುರಿತು 2017ರಲ್ಲಿ ಬಂದ ಇನ್ನೊಂದು ವರದಿ, ಮುಂಗಡ ಸಾಲದಿಂದ ಕಟ್ಟಿಹಾಕಿದ ದುಡಿಮೆಯನ್ನೂ ರಕ್ಷಣಾ ಸಾಧನಗಳ ಕೊರತೆಯನ್ನೂ ಎತ್ತಿ ತೋರಿಸಿತು. ಕಲ್ಲಿನ ಧೂಳು ಪುಪ್ಪುಸವನ್ನು ಸೇರಿ ಬರುವ ಸಿಲಿಕೋಸಿಸ್ ರೋಗಕ್ಕೆ ಮದ್ದಿಲ್ಲ, ತಡೆಯುವುದೊಂದೇ ಉಪಾಯ. ಮಕ್ಕಳ ದುಡಿಮೆಯಿಂದ ಬಂದ ಶಿಲೆಗಳಿಗೆ ತಮ್ಮ ಸ್ಮಶಾನಗಳಲ್ಲಿ ಸ್ಥಳವಿಲ್ಲವೆಂದು ಜರ್ಮನಿಯ ಕೆಲವು ನಗರಗಳು ನಿಯಮ ಮಾಡಿದವು. ಸ್ಪಷ್ಟತೆ ಇಲ್ಲವೆಂಬ ಕಾರಣದಿಂದ ನ್ಯೂರೆಂಬರ್ಗ್ ನಗರದ ನಿಯಮವನ್ನು ಅಲ್ಲಿಯ ಉನ್ನತ ನ್ಯಾಯಾಲಯ 2013ರಲ್ಲಿ ಒಪ್ಪಲಿಲ್ಲ. ಆದರೆ ಪ್ರಶ್ನೆ ಅಲ್ಲಿಗೆ ನಿಲ್ಲದೆ, ಕೆಲವು ಪ್ರಾಂತ್ಯಗಳು ಕಾನೂನನ್ನೇ ತಿದ್ದಿದವು.

ಸ್ಮಾರಕ ಶಿಲೆ ಮಾರುವವನು, ಕೆತ್ತುವವನು, ಅಂತ್ಯಕ್ರಿಯೆ ನಡೆಸುವವನು ಎದುರುಬದುರಾಗಿ ನಿಲ್ಲುವ ಸ್ಥಳವೇ ಈ ವೃತ್ತಿಯ ಸಮ್ಮೇಳನಗಳು ಮತ್ತು ಮೇಳಗಳು. “ಈ ಕಲ್ಲು ಎಲ್ಲಿಂದ ಬಂತು? ಒಡೆದವನಿಗೆ ಎಷ್ಟು ಕೂಲಿ ಕೊಟ್ಟಿರಿ?” ಎಂದು ಅಲ್ಲಿ ಒಬ್ಬನು ಕೇಳಿದರೆ, ಅದರ ಉತ್ತರ ಗಣಿಯ ದಂಡೆಯ ಗುಡಿಸಲಿನವರೆಗೂ ಬರಬೇಕಾಗುತ್ತದೆ. ಸತ್ತವರಿಗೆ ತೋರುವ ಗೌರವ ಬದುಕಿರುವವರ ಪುಪ್ಪುಸವನ್ನು ಬೆಲೆಯಾಗಿ ಕೇಳಬಾರದು.

ಮಸಣ ಕಾರ್ಮಿಕರ ದನಿ

ನಮ್ಮ ನಾಡಿನಲ್ಲಿ ಈ ವೃತ್ತಿಯವರ ಒಗ್ಗೂಡುವಿಕೆ ಹೋಟೆಲಿನ ಸಭಾಂಗಣದಲ್ಲಿ ಹುಟ್ಟಲಿಲ್ಲ. ಕರ್ನಾಟಕದ ಕುಣಿ ತೋಡುವವರು, ಹೆಣ ಸುಡುವವರು ‘ಮಸಣ ಕಾರ್ಮಿಕರು’ ಎಂಬ ಹೆಸರಿನಲ್ಲಿ ಸಂಘ ಕಟ್ಟಿಕೊಂಡು, ಸಮಾವೇಶಗಳನ್ನೂ ಧರಣಿಗಳನ್ನೂ ನಡೆಸಿದ್ದಾರೆ. ತಮ್ಮ ಗಣತಿಯಾಗಬೇಕು, ಕುಣಿ ತೋಡುವುದಕ್ಕೆ ಉದ್ಯೋಗ ಖಾತರಿಯ ಕೂಲಿ ದೊರೆಯಬೇಕು, ಸ್ಥಳೀಯ ಸಂಸ್ಥೆಗಳು ತಮ್ಮನ್ನು ನೌಕರರೆಂದು ನೇಮಿಸಬೇಕು, ಮುಪ್ಪಿನಲ್ಲಿ ಪಿಂಚಣಿ ಬೇಕು ಎಂಬುದು ಅವರ ಬೇಡಿಕೆ. ಬಿಟ್ಟಿ ಚಾಕರಿಯೆಂದು ತಲೆತಲಾಂತರದಿಂದ ಹೊರಿಸಿದ್ದನ್ನು ಅವರು ‘ಕೆಲಸ’ವೆಂದು ಕರೆದರು. ಹೆಸರಿನ ಈ ಬದಲಾವಣೆಯೇ ದೊಡ್ಡ ಬದಲಾವಣೆ, ಏಕೆಂದರೆ ಕೆಲಸಕ್ಕೆ ಕೂಲಿಯೂ ಉಂಟು, ಬೇಡವೆನ್ನುವ ಹಕ್ಕೂ ಉಂಟು.

ಅವರ ಅಗತ್ಯವನ್ನು 2020ರ ಮಹಾಮಾರಿ ಎಲ್ಲರಿಗೂ ತೋರಿಸಿತು. ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಚೆನ್ನೈ ನಗರದ ವೈದ್ಯ ಸೈಮನ್ ಹರ್ಕ್ಯುಲಿಸ್ ಕೋವಿಡ್‌ನಿಂದ ತೀರಿಕೊಂಡಾಗ, ಶವ ತಂದವರ ಮೇಲೆ ಜನ ಕಲ್ಲು ತೂರಿದರು. ಕೊನೆಗೆ ಸಹೋದ್ಯೋಗಿ ವೈದ್ಯರೇ ರಾತ್ರಿಯ ಹೊತ್ತಿನಲ್ಲಿ ಕುಣಿಗೆ ಮಣ್ಣು ಎಳೆಯಬೇಕಾಯಿತು. ಅದೇ ಜೂನ್ ತಿಂಗಳ ಕೊನೆಗೆ ಬಳ್ಳಾರಿಯಲ್ಲಿ ಶವಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯ ಬಯಲಾಗಿ, ಜಿಲ್ಲಾಡಳಿತ ಕ್ಷಮೆ ಕೇಳಿತು. ಶವಗಳನ್ನು ಗೌರವದಿಂದ, ಸುರಕ್ಷಿತವಾಗಿ ಹೂಳಬಹುದೆಂಬ ಸರ್ಕಾರದ ಮಾರ್ಗಸೂಚಿ ಆ ಮಾರ್ಚಿನಲ್ಲಿಯೇ ಹೊರಬಂದಿತ್ತು. ಕಾಗದದ ಮೇಲಿದ್ದ ಆ ತಿಳಿವಳಿಕೆ ಗುಂಡಿಯ ಬಳಿ ನಿಂತವನನ್ನು ಮುಟ್ಟಿರಲಿಲ್ಲ. ಅವನನ್ನು ಕೂಡಿಸಿ, ಕಲಿಸಿ, ಭಯ ಬಿಡಿಸುವ ಸಭೆಯೊಂದು ಮೊದಲೇ ನಡೆದಿದ್ದರೆ ಆ ದೃಶ್ಯ ತಪ್ಪಬಹುದಿತ್ತು. 2022ರಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬೆಂಗಳೂರಿನ ಚಿತಾಗಾರದ ಸಿಬ್ಬಂದಿಯನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆಯುವುದಾಗಿ ಹೇಳಿದರು. ಹೆಸರು ಗೌರವದ್ದೇ. ಆದರೆ ಹಳ್ಳಿಯ ಕುಣಿ ತೋಡುವವನಿಗೆ ಹೆಸರಿನ ಜೊತೆಗೆ ಕೈಗವಸು, ಕೂಲಿ, ವಿಮೆಯೂ ಬೇಕು.

ಸ್ಥಳದ ಪ್ರಶ್ನೆಯೂ ಇದೆ. ಪ್ರತಿ ಗ್ರಾಮಕ್ಕೂ ಸ್ಮಶಾನ ಭೂಮಿ ಒದಗಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯವೇ 2019ರಲ್ಲಿ ಹೇಳಬೇಕಾಯಿತು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟ ಬಾಗಲಕೋಟೆಯ ಸೀಮೆಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಮನೆಯನ್ನು ಮತ್ತೆ ಕಟ್ಟಬಹುದು, ಹಿರಿಯರನ್ನು ಹೂಳಿದ ನೆಲವನ್ನು ಹೊತ್ತು ತರಲಾಗದು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವು ನಾರಾಯಣಪುರ ಜಲಾಶಯದ ನೀರಿನ ನಡುವೆ, ಸುತ್ತ ಬಾವಿಯಂತೆ ಎಬ್ಬಿಸಿದ ಗೋಡೆಯ ಆಸರೆಯಲ್ಲಿ ಉಳಿದಿದೆ. ಮಹಾತ್ಮರ ನೆಲೆಯನ್ನು ಉಳಿಸಲು ನಾಡೇ ಮುಂದಾಯಿತು. ಸಾಮಾನ್ಯರ ಸಮಾಧಿಗಳ ಪರವಾಗಿ, ಹೊಸ ಊರಿನ ನಕ್ಷೆಯಲ್ಲಿ ಸ್ಮಶಾನದ ಜಾಗದ ಪರವಾಗಿ ಮಾತನಾಡಬಲ್ಲವರು ಆ ಕೆಲಸ ಬಲ್ಲವರೇ. ಅವರು ಒಂದಾಗಿ ಬಂದರೆ ಅಧಿಕಾರಿ ಕೇಳುತ್ತಾನೆ, ಒಬ್ಬನೇ ಹೋದರೆ ಕಚೇರಿಯ ಹೊರಗೆ ಕಾಯುತ್ತಾನೆ.

ನಮ್ಮ ಪಾಲಿನ ಕೆಲಸ

ಪ್ರಿಯ ಓದುಗರೇ, ಸತ್ತವರನ್ನು ಹೂಳುವುದನ್ನು ದಯೆಯ ಕಾರ್ಯಗಳಲ್ಲಿ ಒಂದೆಂದು ಎಣಿಸುವ ಪರಂಪರೆ ನಮ್ಮದು. ಆ ದಯೆಯನ್ನು ನಮ್ಮ ಪರವಾಗಿ ಕೈಯಾರೆ ಮಾಡುವವನ ಹೆಸರು ನಮಗೆ ತಿಳಿದಿದೆಯೇ? ನವೆಂಬರ್ ತಿಂಗಳಿನಲ್ಲಿ ಸಮಾಧಿಗಳಿಗೆ ಸುಣ್ಣ ಬಳಿದು, ಹೂ ಇಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಅದೇ ತಿಂಗಳಿನಲ್ಲಿ ಒಂದು ದಿನ ಬಾಗಲಕೋಟೆಯಲ್ಲಿಯೋ ಇಳಕಲ್ಲಿನಲ್ಲಿಯೋ ಸುತ್ತಲಿನ ಎಲ್ಲ ಮತಗಳ ಕುಣಿ ತೋಡುವವರನ್ನು, ಪೆಟ್ಟಿಗೆ ಮಾಡುವ ಬಡಗಿಗಳನ್ನು, ಶವವಾಹನದ ಚಾಲಕರನ್ನು, ಶವಾಗಾರದ ಸಹಾಯಕರನ್ನು, ಕಲ್ಲು ಕೆತ್ತುವವರನ್ನು ಕರೆದು ಕೂಡಿಸಬಹುದು. ಒಬ್ಬ ವೈದ್ಯರು ಸೋಂಕಿನ ಬಗ್ಗೆ ಹೇಳಲಿ, ಒಬ್ಬ ವಕೀಲರು ಹಕ್ಕುಗಳ ಬಗ್ಗೆ ಹೇಳಲಿ. ಉಳಿದ ಹೊತ್ತು ಅವರೇ ಮಾತನಾಡಲಿ, ನಾವು ಕೇಳೋಣ. ಅಂದಿನ ಊಟವನ್ನು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣೋಣ.

ಇದಕ್ಕೆ ದೊಡ್ಡ ನಿಧಿ ಬೇಡ. ಮೇಗುತಿ ಗುಡ್ಡದ ಚಪ್ಪಡಿಯನ್ನು ಎತ್ತಿದವರಿಗೆ ನಿಧಿಯಿರಲಿಲ್ಲ, ಹೆಗಲುಗಳಿದ್ದವು. ಐನೂರ್ವರು ನೆರೆದ ಈ ನೆಲದಲ್ಲಿ, ನಮ್ಮೆಲ್ಲರ ಕೊನೆಯ ಕೆಲಸವನ್ನು ಮಾಡುವವರಿಗೂ ಒಂದು ಮಹಾನಾಡು ನ್ಯಾಯವಾಗಿ ಸಲ್ಲಬೇಕು.